ಹಕ್ಕಿ ಕಾರಿನ ಹಿಂದೆ ಕಲ್ಯಾಣದುರ್ಗದವರೆಗೆ

ತುಮಕೂರು

೧೯೬೧ನೇ ಇಸವಿ ಏಪ್ರಿಲ್ ೧೦, ಸೋಮವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಹಿಂದೂಪುರದ ಬಸ್ಸು ಹತ್ತಿದೆ. ಸಾಮಾನು: ಕೈಚೀಲ ಒಂದು, ಕೊಡೆ ಒಂದು, ದಿನಚರಿ ಪುಸ್ತಕ ಒಂದು, ಅಮ್ಮ ಕಟ್ಟಿಕೊಟ್ಟ ರೊಟ್ಟಿ ಆರು. ನಾನು ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತ. ರಜೆಯ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ತಂದೆಯವರನ್ನು ನೋಡಲು’ ಎಂದು ಬರೆದು, ಆಮೇಲೆ ಅದನ್ನು ಹೊಡೆದುಹಾಕಿ ‘ಸ್ವಂತ ಕೆಲಸ’ ಎಂದು ತಿದ್ದಿದೆ. ತಂದೆಯವರು ವಿಷಮಶೀತ ಜ್ವರದಲ್ಲಿ ತೀರಿಕೊಂಡು ಹದಿನೇಳು ವರ್ಷವಾಗಿದೆ. ಆಗ ನನಗೆ ನಾಲ್ಕು.

ಹೊರಟಿದ್ದಕ್ಕೆ ಕಾರಣ ಅಮ್ಮ ಆಡಿದ ಒಂದು ಮಾತು. ಮಾರ್ಚಿನ ಒಂದು ಭಾನುವಾರ ಅಕ್ಕಿ ಆರಿಸುತ್ತಾ ಕೂತಿದ್ದವಳು ಕೈ ನಿಲ್ಲಿಸಿ ಹೇಳಿದಳು: “ನಿಮ್ಮಪ್ಪನ ಮುಖ ಈಗೀಗ ನೆಪ್ಪಿಗೇ ಬತ್ತಿಲ್ಲ ಕಣಪ್ಪ. ಕೈ ಬತ್ತದೆ, ದನಿ ಬತ್ತದೆ. ಮುಖದ ತಾವ ಬಂದ್ರೆ ಬೆಳ್ಳಗಾಗ್ಬುಡ್ತದೆ.”

ನಮ್ಮ ಮನೆಯಲ್ಲಿ ಅಪ್ಪನ ಫೋಟೋ ಇಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಜ್ಜ ನಂಬಿದ್ದರು. ಅಪ್ಪ ಬೆಂಗಳೂರಿನ ಒಬ್ಬ ಸಾಹುಕಾರರ ಕಾರು ಓಡಿಸುತ್ತಿದ್ದರು. ಅಮೆರಿಕದಿಂದ ಹಡಗಿನಲ್ಲಿ ಬಂದ ಕಡುಹಸಿರು ಕಾರು, ಎಂಟು ಸಿಲಿಂಡರಿನದು. ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಒಂದು ಬೆಳ್ಳಿ ಬಣ್ಣದ ಹಕ್ಕಿ. ಬೀದಿಯವರೆಲ್ಲ ಅದನ್ನು ಹಕ್ಕಿ ಕಾರು ಎನ್ನುತ್ತಿದ್ದರಂತೆ. ಯುದ್ಧದ ಕಾಲದಲ್ಲಿ ಒಂದು ಸಿನಿಮಾ ಕಂಪನಿಯವರು ಅದನ್ನು ಎರವಲು ಪಡೆದರು. ಚಿತ್ರದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದರ ಹೀರೋ ಈಗಲೂ ಹೆಸರುವಾಸಿ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂದು ಸಾರುವುದು ನನ್ನ ಉದ್ದೇಶವಲ್ಲ. ಅವರ ಕೋಟು ಹಾಕಿಕೊಂಡು ಓಡಿಸಿದವರು ನಮ್ಮಪ್ಪ. ಹೀರೋಗೆ ಮೀಸೆ ಇರಲಿಲ್ಲವಾದ್ದರಿಂದ ಅಪ್ಪನ ಮೀಸೆಯನ್ನೂ ತೆಗೆಸಿದರು. ಆ ಬೋಳು ಮುಖ ನೋಡಿ ಅಜ್ಜ, “ನಾನಿನ್ನೂ ಬದುಕಿದ್ದೀನಿ ಕಣ್ಲಾ!” ಎಂದು ಕಿರುಚಿ ಮೂರು ದಿನ ಮಾತು ಬಿಟ್ಟರಂತೆ. ನಮ್ಮ ಕಡೆ ತಂದೆ ಸತ್ತರೆ ಮಾತ್ರ ಮಗ ಮೀಸೆ ತೆಗೆಸುವುದು.

ಕಾರು ಒಂದು ಬಂಗಲೆಯ ಗೇಟಿನ ಮುಂದೆ ಬಂದು ನಿಲ್ಲಬೇಕು, ಓಡಿಸುವವನು ಮುಖ ತಿರುಗಿಸಬಾರದು. ಇಷ್ಟೇ ಅಪ್ಪನ ಪಾತ್ರ. ಆ ದಿನ ಅಮ್ಮ ನನ್ನನ್ನು ಎತ್ತಿಕೊಂಡು ಜನರ ನಡುವೆ ನಿಂತಿದ್ದಳು. “ನೀನು ಅಪ್ಪಾ ಅಂತ ಕೂಗ್ಬುಟ್ಟೆ. ಅವ್ರು ತಿರುಗ್ಬುಟ್ರು,” ಎನ್ನುತ್ತಾಳೆ. ಯುದ್ಧದ ದಿನಗಳಲ್ಲಿ ಫಿಲಂ ಸಿಗುವುದು ಕಷ್ಟವಾಗಿತ್ತು. ಮತ್ತೆ ತೆಗೆಯಲಿಲ್ಲ. ಹಾಗಾಗಿ ಅಪ್ಪ ತಿರುಗಿ ನೋಡುವುದು ಚಿತ್ರದಲ್ಲಿ ಉಳಿಯಿತು. ಅಮ್ಮ ಅದನ್ನು ಒಂದೇ ಸಲ ನೋಡಿದ್ದಾಳೆ.

ಚಿತ್ರದ ಪ್ರತಿ ಈಗ ಒಂದೂ ಇಲ್ಲವೆಂದು ಹಂಚಿಕೆದಾರರಿಂದ ಪತ್ರ ಬಂತು. ಅಪ್ಪನ ಜೊತೆಯ ಡ್ರೈವರಾಗಿದ್ದ ರಂಗಣ್ಣನವರು ಮಾತ್ರ ಒಂದು ದಾರಿ ತೋರಿಸಿದರು. “ಶೂಟಿಂಗ್‌ನಲ್ಲಿ ನಿಮ್ಮಪ್ಪಂದು ಒಂದು ಫೋಟೋ ತೆಗೆದು ಕೊಟ್ಟಿದ್ರು ಕಣಪ್ಪ. ಮನೆಗೆ ತಂದ್ರೆ ನಿಮ್ಮಜ್ಜ ಹರಿದಾಕ್ತಾನೆ ಅಂತ ಕಾರೊಳಗೇ, ಡ್ಯಾಶ್‌ಬೋರ್ಡಿನ ಡಬ್ಬಿ ಬಾಗ್ಲ ಹಿಂದ್ಗಡೆ ಅಂಟಿಸಿದ್ದ. ಕಾರನ್ನ ಹಿಂದೂಪುರದ ಬೆಲ್ಲದ ಮಂಡಿಯವರು ತಗೊಂಡ್ರು. ಕಾರ್ ಹುಡುಕು, ಅಪ್ಪ ಸಿಕ್ತಾನೆ.”

ಪರಿಗಿಯ ಹತ್ತಿರ

ಒಂಬತ್ತೂ ಹತ್ತಕ್ಕೆ ಬಸ್ಸಿನ ಮೂತಿಯಿಂದ ಹಬೆ ಎದ್ದು ನಿಂತುಬಿಟ್ಟಿತು. ಡ್ರೈವರು ತಗಡಿನ ಡಬ್ಬ ಹಿಡಿದು ನೀರು ಹುಡುಕಿಕೊಂಡು ಹೋದ. ನಾವು ಹುಣಸೆ ಮರದ ಕೆಳಗೆ ಕೂತೆವು. ಪರರಾಜ್ಯಕ್ಕೆ ಬಂದು ಎಷ್ಟು ಹೊತ್ತಾಗಿತ್ತೋ ನನಗೆ ತಿಳಿಯಲಿಲ್ಲ. ಮಣ್ಣು ಅದೇ, ಬಂಡೆ ಅದೇ, ಜಾಲಿ ಅದೇ. ಬೋರ್ಡಿನ ಅಕ್ಷರಗಳು ಮಾತ್ರ ನಮ್ಮ ಅಕ್ಷರಗಳೇ ಬೇರೆ ರೀತಿ ತಲೆ ಬಾಚಿಕೊಂಡಂತೆ ಕಂಡವು. ದಿನಚರಿಯಲ್ಲಿ ಎರಡು ಕಲಂ ಗೀಚಿ, ಬಸ್ಸಿನವರಲ್ಲಿ ಕನ್ನಡ ಆಡುವವರೆಷ್ಟು, ತೆಲುಗು ಆಡುವವರೆಷ್ಟು ಎಂದು ಲೆಕ್ಕ ಹಾಕಲು ಹೊರಟೆ. ಹನ್ನೊಂದು ಜನರಾಗುವಷ್ಟರಲ್ಲಿ ಹನ್ನೊಂದೂ ಜನ ಎರಡೂ ಕಲಮಿಗೆ ಬಂದರು. ಕೈಬಿಟ್ಟೆ.

ಮರದ ಬುಡದಲ್ಲಿ ಮೊದಲೇ ಕೂತಿದ್ದ ಆ ಊರಿನ ಮುದುಕನೊಬ್ಬ ನನ್ನ ಪುಸ್ತಕದೊಳಗೆ ಇಣುಕಿ, “ಏನ್ ಸಾಮಿ, ಜನಗಣತಿಯೋನಾ?” ಎಂದ.

ಅಲ್ಲವೆಂದೆ. “ನಿಮಗೆ ಆಂಧ್ರ ಹೇಗನಿಸುತ್ತೆ ತಾತ?” ಎಂದು ಕೇಳಿದೆ.

“ಮೊದ್ಲು ನಮ್ಮನ್ನ ಮದ್ರಾಸಿನೋರು ಅಂದ್ರು. ಆಮ್ಯಾಕೆ ಕರ್ನೂಲಿನೋರು ಅಂದ್ರು. ಈಗ ಐದ್ರಾಬಾದಿನೋರಂತೆ. ನಾನು ಈ ಹುಣಸೆಮರ ಬಿಟ್ಟು ಎಲ್ಲಿಗೂ ಹೋಗಿಲ್ಲ ಕಣಪ್ಪ. ಅವರೇ ಬತ್ತಾರೆ, ಅವರೇ ಹೋಯ್ತಾರೆ.”

ರೊಟ್ಟಿಯಲ್ಲಿ ಎರಡು ಅವನಿಗೆ ಕೊಟ್ಟೆ. ಉಳಿದದ್ದು ನಾಲ್ಕು.

ಹಿಂದೂಪುರ

ಊರೊಳಗೆ ಹೋಗುವ ಮೊದಲೇ ಬೆಲ್ಲದ ವಾಸನೆ ಬಂತು, ಹಿಂದೆಯೇ ಹುಣಸೆಹಣ್ಣಿನದು. ಕಾರು ಕೊಂಡಿದ್ದ ಮಂಡಿ ಸಾಹುಕಾರರು ತೀರಿಕೊಂಡಿದ್ದರು. ಅವರ ಮನೆಯವರು, “ಕಾರನ್ನು ಖಾದರ್ ಸಾಬರಿಗೆ ಕೊಟ್ಟುಬಿಟ್ಟೆವು,” ಎಂದು ರೈಲು ಗೇಟಿನ ಕಡೆ ಕೈ ತೋರಿಸಿದರು. ಖಾದರ್ ಸಾಬರದು ಹಳೆ ಗಾಡಿ ಬಿಚ್ಚುವ ಕಸುಬು. ಬಿಳಿ ಗಡ್ಡ, ಎಣ್ಣೆಯಾದ ಲುಂಗಿ. ನಾನು ವಿಷಯ ಹೇಳಿದ ಕೂಡಲೇ ಕೂತಲ್ಲಿಂದ ಎದ್ದರು.

“ಹಕ್ಕಿ ಕಾರಾ? ಅಯ್ಯೋ ಸಾಮಿ, ಅದು ಊರೆಲ್ಲ ಹಂಚಿಹೋಗೈತೆ. ಒಂದ್ ಕಡೆ ಹುಡುಕಿದ್ರೆ ಎಲ್ಲಿ ಸಿಕ್ತದೆ?”

ಆ ಊರಿನಲ್ಲಿ ಯಾವ ಗಾಡಿಯೂ ಪೂರ್ತಿ ಸಾಯುವುದಿಲ್ಲ. ಅವರು ಹೇಳುತ್ತಾ ಹೋದಂತೆ ನಾನು ಬರೆದುಕೊಂಡೆ. ಬಾಗಿಲು ನಾಲ್ಕರಲ್ಲಿ ಎರಡು ಒಂದು ಮನೆಯ ಹಿತ್ತಿಲಿಗೆ, ಎರಡು ಒಂದು ಸೋಡಾ ಅಂಗಡಿಗೆ. ಮುಂದಿನ ದೀಪ ಎರಡು ಮದುವೆ ಮೆರವಣಿಗೆಯ ಬಂಡಿಗೆ. ಹಿಂದಿನ ಚಕ್ರಗಳು ಗೋರಂಟ್ಲದ ಒಬ್ಬರ ಎತ್ತಿನ ಗಾಡಿಗೆ. ಹಿಂದಿನ ಸೀಟು ಒಬ್ಬ ಡಾಕ್ಟರ ಮೊಗಸಾಲೆಗೆ, ಡ್ರೈವರ್ ಸೀಟು ಚೌಡಪ್ಪನ ಕ್ಷೌರದಂಗಡಿಗೆ. ಎಂಜಿನ್ನು ಹಕ್ಕಿ ಸಮೇತ ಕಲ್ಯಾಣದುರ್ಗಕ್ಕೆ.

“ಡ್ಯಾಶ್‌ಬೋರ್ಡಿನ ಡಬ್ಬಿ?”

“ಅದು ಇಲ್ಲೇ ಐತೆ.” ಗೋಡೆಯಲ್ಲಿ ಸ್ಪ್ಯಾನರುಗಳನ್ನು ಇಡುವ ಗೂಡು ಒಂದಿತ್ತು. ಅದಕ್ಕೆ ಹಾಕಿದ್ದ ಬಾಗಿಲೇ ಆ ಡಬ್ಬಿಯದು. ಕರಿಮರದ್ದು, ಚಿಕ್ಕ ಹಿತ್ತಾಳೆ ಗುಂಡಿ. ನಾನೇ ತೆರೆಯುತ್ತೇನೆ ಎಂದೆ. ಅವರು ಹಿಂದೆ ಸರಿದರು.

ಒಳಗಡೆ ಏನೂ ಇರಲಿಲ್ಲ. ಅಂಟಿನ ಕಂದು ಕಲೆಗಳಿದ್ದವು. ಎಣಿಸಿದೆ, ಎಂಟು. ಹೊರಗಿನ ನಾಲ್ಕು ಒಂದು ಚೌಕಕ್ಕೆ, ಒಳಗಿನ ನಾಲ್ಕು ಒಂದು ಚಿಕ್ಕ ಚೌಕಕ್ಕೆ.

“ಹೊರಗಿಂದು ದೇವ್ರ ಪಟದ್ದು,” ಎಂದರು ಖಾದರ್ ಸಾಬರು. “ಬಿಚ್ಚೋವಾಗ ನಾನೇ ಕಿತ್ತು ಮಂಡಿಯೋರ ಮನೆಗೆ ಕೊಟ್ಬಂದೆ, ನನ್ನ ತಾವ ಇರಬಾರ್ದು ಅಂತ. ಒಳಗಿಂದು ನಂಗೊತ್ತಿಲ್ಲ ಸಾಮಿ. ಕಾರ್ ಬಂದಾಗ್ಲೇ ಕೆರೆದುಬುಟ್ಟಿದ್ರು. ಯಾರೋ ಗಂಡಸಿನ ಫೋಟೋ ನಮ್ ಕಾರಲ್ಲಿ ಯಾಕೆ ಅಂತ ಸಾವುಕಾರ್ರ ಹೆಂಡ್ರು ಅಂದಿದ್ರಂತೆ.”

ನಾನು ಆ ಚಿಕ್ಕ ಚೌಕವನ್ನು ಬೆರಳಿನಿಂದ ಅಳೆದೆ. ಅಗಲ ನಾಲ್ಕು ಬೆರಳು, ಎತ್ತರ ಐದು. ಬರೆದುಕೊಂಡೆ. ಏಕೆಂದು ಗೊತ್ತಿಲ್ಲ. ಖಾದರ್ ಸಾಬರು ಚಹಾ ತರಿಸಿದರು.

“ಕಲ್ಯಾಣದುರ್ಗದ ಟೆಂಟ್ ಸಿನಿಮಾಕ್ಕೆ ಹೋಗು,” ಎಂದರು ಕೊನೆಗೆ. “ಅಲ್ಲಿ ಆಪರೇಟರ್ ಓಬುಳೇಶಪ್ಪ ಅಂತ ಅವ್ನೆ. ಕಾರಿನ ಎಂಜಿನ್‌ನಲ್ಲೇ ಅವ್ನು ಕರೆಂಟ್ ಮಾಡೋದು. ಆ ಸಿನಿಮಾನೂ ಅವ್ನು ಓಡಿಸಿದ್ದ, ನಂಗೆ ಹೇಳಿದ್ದ. ಫಿಲಂ ತುಂಡು ಕೂಡಿಡೋ ಚಾಳಿ ಅವ್ನಿಗೆ.”

ಚೌಡಪ್ಪನ ಅಂಗಡಿ

ಏಪ್ರಿಲ್ ೧೧, ಮಂಗಳವಾರ. ಅಪ್ಪ ಕೂತಿದ್ದ ಸೀಟಿನಲ್ಲಿ ಒಂದು ಸಲ ಕೂರದೆ ಊರು ಬಿಡಲಾರೆನೆನಿಸಿತು. ಬರೀ ಕೂತು ಎದ್ದು ಹೋಗುತ್ತೇನೆ ಎನ್ನಲು ನಾಚಿಕೆಯಾಗಿ ಕ್ಷೌರಕ್ಕೆಂದು ಕೂತೆ. ಸೀಟಿನ ಚರ್ಮ ಎಡಗಡೆ ಹೆಚ್ಚು ಸವೆದಿತ್ತು. ಅಪ್ಪನ ಭಾರವೋ, ಆಮೇಲೆ ಕೂತ ಸಾವಿರಾರು ಜನರ ಭಾರವೋ.

“ಯಾವೂರು ಸಾಮಿ?” ಚೌಡಪ್ಪ ಕತ್ತಿ ಮಸೆಯುತ್ತಾ ಕೇಳಿದ.

“ತುಮಕೂರು.”

“ಇಷ್ಟು ದೂರ ಯಾಕ್ ಬಂದ್ರಿ?”

“ನಮ್ಮ ಅಪ್ಪನ ವಿಷಯ.”

“ಏನಾಯ್ತು?”

“ತೀರಿಕೊಂಡರು. ಜ್ವರ.”

ಅವನ ಕೈ ನಿಂತಿತು. ಆಮೇಲೆ ಮೆಲ್ಲಗೆ, “ತಲೆ ಬ್ಯಾಡ್ವಾ?” ಎಂದ.

“ತಲೆ ಬೇಡ, ಮುಖ ಮಾತ್ರ.”

ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ಬೆಚ್ಚನೆಯ ನೀರು ತಾಗಿದ್ದೇ ಕಣ್ಣು ಮುಚ್ಚಿಹೋಯಿತು. ಎಚ್ಚರವಾದಾಗ ಕನ್ನಡಿಯಲ್ಲಿ ಬೇರೆ ಯಾರೋ ಕೂತಿದ್ದರು. ಮೀಸೆ ಇರಲಿಲ್ಲ.

“ಇದೇನು ಮಾಡಿದಿರಿ!” ಎಂದೆ.

“ಅಪ್ಪ ಹೋದ್ಮೇಲೆ ಮೀಸೆ ಇಟ್ಕಂತಾರಾ ಸಾಮಿ? ನಿಮ್ ಸೀಮೇಲಿ ಬ್ಯಾರೆ ಪದ್ಧತಿಯಾ?”

ಅಪ್ಪ ಹೋಗಿ ಹದಿನೇಳು ವರ್ಷವಾಯಿತು ಎಂದೆ. ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರಲ್ಲಿ ಒಬ್ಬ, “ಸರಿಹೋಯ್ತು! ಹದಿನೇಳು ವರ್ಸದ ಸೂತಕನ ಒಂದೇ ಏಟಿಗೆ ತೆಗೆದ್ಬುಟ್ಟ ನಮ್ ಚೌಡಪ್ಪ,” ಎಂದು ನಗಲು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದ.

ಚೌಡಪ್ಪ ನಗಲಿಲ್ಲ. “ಆವಾಗ ನಿಂಗೆ ಎಷ್ಟು ವರ್ಸ?”

“ನಾಲ್ಕು.”

“ಆವಾಗ ತೆಗೆಯಕ್ಕೆ ಮೀಸೆ ಎಲ್ಲಿತ್ತು? ಈಗ ಆಯ್ತು ಬಿಡು,” ಎಂದು ಟವೆಲ್ಲು ಝಾಡಿಸಿದ. ಇಂಥ ಕ್ಷೌರಕ್ಕೆ ಕಾಸು ಮುಟ್ಟುವುದಿಲ್ಲವೆಂದು ಕೈ ಕಟ್ಟಿಕೊಂಡು ನಿಂತ.

ಕಲ್ಯಾಣದುರ್ಗ

ಏಪ್ರಿಲ್ ೧೨, ಬುಧವಾರ. ಪೆನುಕೊಂಡದಲ್ಲಿ ಬಸ್ಸು ಬದಲಿಸಿದೆ. ದಾರಿಯಲ್ಲೆಲ್ಲ ಜನ ನನ್ನ ಮೇಲ್ದುಟಿ ನೋಡಿ ದನಿ ತಗ್ಗಿಸಿದರು. ಒಬ್ಬಾಕೆ ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಇಳಿದಾಗ ಹನ್ನೊಂದು ಗಂಟೆ. ಊರಾಚೆ ಕಡಲೆಕಾಯಿ ಸಿಪ್ಪೆಯ ರಾಶಿಗಳು, ಅದರ ಪಕ್ಕ ತೇಪೆ ಹಾಕಿದ ಟೆಂಟು. ಟೆಂಟಿನ ಹಿಂದೆ ತಗಡಿನ ಚಪ್ಪರದಲ್ಲಿ, ಮರದ ದಿಮ್ಮಿಗಳ ಮೇಲೆ, ಉದ್ದನೆಯ ಎಂಜಿನ್ನು. ಅದರ ಮುಂದೆ ರೇಡಿಯೇಟರು, ರೇಡಿಯೇಟರಿನ ಮೇಲೆ ಹಕ್ಕಿ. ಒಂದು ರೆಕ್ಕೆ ಮುರಿದಿತ್ತು.

ಓಬುಳೇಶಪ್ಪ ಕೆಳಗೆ ಕೂತು ರೀಲು ಸುತ್ತುತ್ತಿದ್ದ. ಐವತ್ತರ ಆಚೆಯ ವಯಸ್ಸು, ದಪ್ಪ ಕನ್ನಡಕ. ತಲೆ ಎತ್ತಿ ನನ್ನನ್ನು ಬಹಳ ಹೊತ್ತು ನೋಡಿದ.

“ನಿನ್ನ ಎಲ್ಲೋ ನೋಡೀನಿ ಕಣಪ್ಪ.”

“ನಾನು ಈ ಊರಿಗೆ ಬಂದದ್ದೇ ಇವತ್ತು.”

“ಲೇದು ಲೇದು. ಈ ಮುಖನ ನಾನು ಹತ್ತಿರದಿಂದ ನೋಡೀನಿ.”

ನಾನು ಎಂಜಿನ್ನಿನ ಮಾತೆತ್ತಿದೆ. ಅವನಿಗೆ ಹೆಮ್ಮೆ. ಹ್ಯಾಂಡಲು ಸಿಕ್ಕಿಸಿ, “ಹೆಬ್ಬೆರಳು ಒಳಕ್ಕೆ ಹಾಕ್ಬಾರ್ದು, ಒದ್ರೆ ಮುರಿದ್ಬುಡ್ತದೆ,” ಎಂದು ನನಗೆ ಪಾಠ ಹೇಳುತ್ತಾ ತಿರುಗಿಸಿದ. ಮೂರನೇ ಸುತ್ತಿಗೆ ಎದ್ದಿತು. ಗದ್ದಲವಿರಲಿಲ್ಲ. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರಾಡಿದ ಹಾಗಿತ್ತು. ಅಪ್ಪ ದಿನವೂ ಕೇಳಿದ ಸದ್ದು. ನಾಲ್ಕು ನಿಮಿಷ ಕೇಳಿದೆ.

“ಈ ಎಂಜಿನ್ ಇರೋ ಕಾರು ಬತ್ತದಲ್ಲ, ಆ ಸಿನಿಮಾನ ಇದೇ ಎಂಜಿನ್‌ನಲ್ಲಿ ಓಡ್ಸಿವ್ನಿ,” ಎಂದ. “ಕಾರು ತನ್ನ ಬೆಳಕಲ್ಲಿ ತಾನೇ ಬಂತು. ಯಾವ ಟೆಂಟಲ್ಲಿ ಆಗೈತೆ ಹೇಳು?”

“ಕಾರು ಗೇಟಿನ ಮುಂದೆ ನಿಲ್ಲುತ್ತದಲ್ಲ...” ಎಂದೆ.

“ಅಯ್ಯೋ, ಅದೊಂದು ಕಾಟ! ಕಾರು ನಿಲ್ತದೆ, ಓಡಿಸ್ತಿದ್ದೋನು ಹಿಂದಕ್ಕೆ ತಿರುಗ್ತಾನೆ. ತಿರುಗಿದ್ರೆ ಹೀರೋ ಅಲ್ಲ! ಜನ ‘ಎವಡ್ರಾ ವೀಡು, ಯಾವನ್ಲಾ ಇವ್ನು’ ಅಂತ ಕೂಗೋರು, ಮಣ್ಣು ತೂರೋರು. ಮೂರು ದಿನ ಅದೇ ಗಲಾಟೆ. ಓನರು ಕತ್ತರಿಸು ಅಂದ್ರು. ಕತ್ತರಿಸ್ದೆ. ಒಂದೂವರೆ ಅಡಿ, ಅಷ್ಟೇ.”

“ಆ ತುಂಡು ಇದೆಯೇ?” ಎಂದೆ.

“ಅದೆಲ್ಲಿ ಇರ್ತದೆ? ಆ ವಾರ ರೀಲು ಬಲು ಹರೀತಿತ್ತು. ಅಂಟು ಮುಗಿದೋಗಿತ್ತು. ಬ್ಯಾಡದ ಫಿಲಂ ಇದ್ರೆ ಮೇಲಿನ ಚಿತ್ರ ಕೆರೆದು, ಅಸಿಟೋನ್‌ನಲ್ಲಿ ನೆನೆ ಹಾಕ್ತೀವಿ. ಕರಗಿ ಗೋಂದಾಗ್ತದೆ. ಅದ್ರಲ್ಲೇ ಹರಿದ ರೀಲು ಅಂಟಿಸೋದು. ಎಲ್ಲಾ ಟೆಂಟಲ್ಲೂ ಹಂಗೇ. ಆ ತುಂಡು ಒಳ್ಳೇ ಅಂಟು ಆಯ್ತು ನೋಡು, ಪಿಚ್ಚರ್ ಪೂರ್ತಿ ಅದ್ರಲ್ಲೇ...”

ಅಷ್ಟು ಹೇಳಿ ನಿಲ್ಲಿಸಿದ. ಕನ್ನಡಕ ತೆಗೆದು ನನ್ನನ್ನು ನೋಡಿದ. ಎಂಜಿನ್ನು ಇನ್ನೂ ಓಡುತ್ತಿತ್ತು. ಎದ್ದು ಹೋಗಿ ಅದನ್ನು ನಿಲ್ಲಿಸಿ ಬಂದ.

“ಅವ್ರು ನಿಂಗೇನಾಗ್ಬೇಕು?”

“ನಮ್ಮಪ್ಪ.”

ಅವನು ನೆಲದ ಮೇಲೆ ಕೂತ. “ನಂಗೇನ್ ಗೊತ್ತಪ್ಪ,” ಎಂದ. ಎರಡು ಸಲ ಅದನ್ನೇ ಹೇಳಿದ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಲೆಕ್ಕ ಬಂತು. ಒಂದು ಅಡಿ ಫಿಲಮಿಗೆ ಹದಿನಾರು ಚಿತ್ರವೆಂದು ಅವನೇ ಹೇಳಿದ. ಒಂದೂವರೆ ಅಡಿಗೆ ಇಪ್ಪತ್ತನಾಲ್ಕು. ಪರದೆಯ ಮೇಲೆ ಒಂದು ಸೆಕೆಂಡು. ನಮ್ಮಪ್ಪನ ಮುಖಗಳು ಲೋಕದಲ್ಲಿ ಇದ್ದದ್ದು ಇಪ್ಪತ್ತನಾಲ್ಕು, ಈ ಊರಿನ ಮಟ್ಟಿಗೆ. ಅವುಗಳಿಂದ ಹೀರೋನ ಹರಿದ ಮೈಯನ್ನು ಅಂಟಿಸಿದ್ದರು.

“ಹೇಗಿದ್ದರು?” ಎಂದು ಕೇಳಿದೆ.

“ಕೆರೆಯೋವಾಗ ಒಂದೊಂದೂ ನೋಡಿವ್ನಿ. ನಗ್ತಿರ್ಲಿಲ್ಲ. ಯಾರೋ ಕರೆದಂಗೆ, ಎಲ್ಲವ್ರೆ ಅಂತ ಹುಡುಕ್ದಂಗೆ ನೋಡ್ತಿದ್ರು.”

ಆಮೇಲೆ ತನ್ನ ತಗಡಿನ ಡಬ್ಬಿಯನ್ನು ನೆಲಕ್ಕೆ ಸುರಿದ. ಕೂಡಿಟ್ಟ ತುಂಡುಗಳು ನಲವತ್ತಮೂರು. ಒಂದೊಂದನ್ನೂ ಬಿಸಿಲಿಗೆ ಹಿಡಿದು ಇಬ್ಬರೂ ನೋಡಿದೆವು. ಕುಣಿಯುವವರು ಹತ್ತೊಂಬತ್ತು, ದೇವರುಗಳು ಹನ್ನೆರಡು, ಕತ್ತಿ ಹಿಡಿದವರು ಹನ್ನೊಂದು. ಒಂದರಲ್ಲಿ ಮಾತ್ರ ದೂರದ ರಸ್ತೆಯ ತಿರುವು, ಹುಣಸೆಬೀಜದಷ್ಟು ಕಾರು, ಅದರೊಳಗೆ ಒಂದು ಚುಕ್ಕೆ. ಅದನ್ನು ಬೀಡಿ ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟ. ಬಸ್ಸಿನವರೆಗೂ ಬಂದ. ಬಸ್ಸು ಹೊರಟಾಗ ಕಿಟಕಿಯ ಹೊರಗಿನಿಂದ ನನ್ನ ಮುಖವನ್ನು ಮತ್ತೊಮ್ಮೆ ಪೂರ್ತಿ ನೋಡಿಕೊಂಡ.

ಮನೆ

ಏಪ್ರಿಲ್ ೧೩, ಗುರುವಾರ, ಸಂಜೆ ನಾಲ್ಕೂವರೆ. ಬಾಗಿಲು ತೆರೆದ ಅಮ್ಮ ಹೊಸ್ತಿಲಲ್ಲೇ ನಿಂತಳು. ಫೋಟೋ ಸಿಕ್ಕಿತೇ ಎಂದು ಕೇಳಲಿಲ್ಲ. ಯಾರು ಸತ್ತರು ಎಂದೂ ಕೇಳಲಿಲ್ಲ. ಫಿಲಂ ತುಂಡನ್ನು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, “ಕಾರು ಚೆನ್ನಾಗದೆ,” ಎಂದು ಹಿಂದಕ್ಕೆ ಕೊಟ್ಟಳು.

ಆಮೇಲೆ ನನ್ನನ್ನು ಬೀದಿ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂರಿಸಿ, ತಾನು ಒಳಗೆ ಹೋಗಿ ಕಂಬದ ಹತ್ತಿರ ನಿಂತಳು. “ಒಂದ್ಸಲ ತಿರುಗಪ್ಪ,” ಎಂದಳು.

ತಿರುಗಿದೆ.

“ಇನ್ನೊಂದ್ಸಲ.”

ತಿರುಗಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. “ಕಣ್ಣು ಅವ್ರದೇ. ಮೂಗು ಮಾತ್ರ ನಂದು ಬಂದ್ಬುಟ್ಟದೆ ಕಣಪ್ಪ. ಅಡ್ಡ ಆಯ್ತದೆ.” ಸೆರಗಿನಿಂದ ತನ್ನ ಮೂಗು ಒರೆಸಿಕೊಂಡಳು. “ಸ್ವಲ್ಪ ದಿನ ಮೀಸೆ ಬಿಡ್ಬ್ಯಾಡ.”

ಇದನ್ನು ಬರೆಯುವ ಹೊತ್ತಿಗೆ ಇಪ್ಪತ್ತಾರು ದಿನವಾಗಿದೆ. ದಿನವೂ ಬೆಳಿಗ್ಗೆ ಮೇಲ್ದುಟಿ ಕೆರೆದುಕೊಂಡು ಮೆಟ್ಟಿಲ ಮೇಲೆ ಕೂತು ತಿರುಗುತ್ತೇನೆ. ಕಚೇರಿಯಲ್ಲಿ ನಗುತ್ತಾರೆ. ಅಮ್ಮನಿಗೆ ಓದು ಬಾರದು. ಇದು ಅಚ್ಚಾದ ಮೇಲೆ ನಾನೇ ಓದಿ ಹೇಳಬೇಕು. ಗೋಂದಿನ ಭಾಗ ಬಂದಾಗ ಒಂದು ಪುಟ ಹಾರಿಸುತ್ತೇನೆ. ಅವಳನ್ನು ಬಲ್ಲವರು ದಯವಿಟ್ಟು ಆ ಮಾತು ಎತ್ತಬೇಡಿ.

ಆ ಚಿತ್ರ ನಮ್ಮ ಸೀಮೆಯ ಬೇರೆ ಟೆಂಟುಗಳಲ್ಲೂ ಓಡಿರಬೇಕು. ಅಲ್ಲಿಯೂ ಜನ ಕೂಗಿರುತ್ತಾರೆ, ಅಲ್ಲಿಯೂ ಕತ್ತರಿಸಿರುತ್ತಾರೆ. ಆಪರೇಟರುಗಳಾಗಿದ್ದವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಡಬ್ಬಿಯನ್ನು ಒಮ್ಮೆ ಬಿಸಿಲಿಗೆ ಸುರಿದು ನೋಡಿ. ಗುರುತು: ಮೂತಿಯ ಮೇಲೆ ಹಕ್ಕಿ ಇರುವ ದೊಡ್ಡ ಕಾರು, ಬಂಗಲೆಯ ಗೇಟು, ಹೀರೋನ ಕೋಟು ಹಾಕಿಕೊಂಡು ಹಿಂದಕ್ಕೆ ತಿರುಗಿ ನೋಡುತ್ತಿರುವ, ಹೀರೋ ಅಲ್ಲದ ಒಬ್ಬರು. ಒಂದೇ ಒಂದು ಚಿತ್ರ ಉಳಿದಿದ್ದರೂ ಸಾಕು, ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ನೀವು ಹೇಳಿದ ಊರಿಗೆ ನಾನೇ ಬರುತ್ತೇನೆ.